ತಿಥಿ ಗೊತ್ತುಮಾಡಿ ಬರುವ ಅತಿಥಿ



ಈ ಸಲ ನನ್ನ ಮೊದಲ ನೇಮಕಾತಿಯ ಊರಿನ ನೆನಪುಗಳನ್ನು ಬರೆಯುವುದಾಗಿ ಹೇಳಿದ್ದೆ. ಅದನ್ನು ಮುಂದೂಡಿದ್ದೇನೆ. ಕಳೆದೊಂದು ತಿಂಗಳಲ್ಲಿ ಕಿವಿಗೆ ಬಿದ್ದ ಒಂದು ಮಾತು ಮತ್ತು ಕಣ್ಣಿಗೆ ಬಿದ್ದ ಒಂದು ನಕ್ಷತ್ರ ನನ್ನ ಮನಸ್ಸನ್ನು ಕದಡಿವೆ. ಇದನ್ನು ಬರೆದು ಮುಗಿಸದೆ ಬೇರೇನನ್ನೂ ಬರೆಯಲಾರೆ. ಓದುಗರಲ್ಲಿ ಕೆಲವರಿಗೆ ಕಹಿಯೆನಿಸಬಹುದು. ಎನಿಸಲಿ.

ಮಾತು ಕೇಳಿದ್ದು ತುರುವೇಕೆರೆಯ ಒಂದು ಮದುವೆಯ ಪಂಕ್ತಿಯಲ್ಲಿ. ಪಕ್ಕದ ಎಲೆಗೆ ಕುಳಿತಿದ್ದ ನಮ್ಮವರೇ ಆದ ಹಿರಿಯರೊಬ್ಬರು, ಪಾಯಸ ಬಡಿಸುವ ಹೊತ್ತಿಗೆ ಸರಿಯಾಗಿ, “ಏನ್ ಮೇಷ್ಟ್ರೇ, ನಿಮ್ಮಪ್ಪಾರ ಮನೇಲಿ ಈಗ ಅನ್ನ ಮಾರ್ತಾರಂತಲ್ಲ?” ಎಂದರು. ಸುತ್ತಲಿನ ನಾಲ್ಕು ಎಲೆಯವರಿಗೂ ಕೇಳಿಸಿತು. ನಕ್ಷತ್ರ ಕಂಡದ್ದು ನನ್ನ ತಮ್ಮನ ಮಗನ ಮೊಬೈಲಿನಲ್ಲಿ. ಐದರಲ್ಲಿ ಒಂದನ್ನು ಮಾತ್ರ ದಯಪಾಲಿಸಿ, ಅದರಡಿಯಲ್ಲಿ ಆತಿಥ್ಯದ ಗಂಧವೂ ಇಲ್ಲದ ಮನೆಯೆಂದು ಬರೆದಿದ್ದವನು ನನ್ನದೇ ಶಿಷ್ಯ. ವಾಕ್ಯರಚನೆಯಲ್ಲಿ ತಪ್ಪಿರಲಿಲ್ಲವೆಂಬುದೊಂದೇ ಸಮಾಧಾನ.

ವಿಷಯ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಮಾಯಸಂದ್ರದ ಬಳಿಯ ನಮ್ಮ ತೋಟದ ಮನೆ ನಿಮ್ಮಲ್ಲಿ ಹಲವರಿಗೆ ಪರಿಚಿತ. ಪರೀಕ್ಷೆಯ ಮುನ್ನಾ ತಿಂಗಳು ಅಲ್ಲಿನ ಪಡಸಾಲೆಯಲ್ಲಿ ಲಾಟೀನು ಹಚ್ಚಿಕೊಂಡು ಓದಿದವರಿದ್ದೀರಿ. ನನ್ನ ತಮ್ಮ ತೀರಿಕೊಂಡ ಮೇಲೆ ಆತನ ಮಗ ತೋಟ ನೋಡಿಕೊಳ್ಳುತ್ತಿದ್ದಾನೆ. ನುಸಿರೋಗ ಬಂದು ಇಳುವರಿ ಇಳಿದದ್ದು ಒಂದು ಕಡೆ, ಧಾರಣೆಯ ಜೂಜು ಇನ್ನೊಂದು ಕಡೆ. 2023ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿಗಳ ಬೆಂಬಲ ಬೆಲೆ ಘೋಷಿಸಿದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಅದಕ್ಕಿಂತ ಸಾವಿರಾರು ರೂಪಾಯಿ ಕೆಳಗೆ ಬಿದ್ದಿತ್ತು. 2025ರಲ್ಲಿ ಅದೇ ಕೊಬ್ಬರಿ ಇಪ್ಪತ್ತು ಸಾವಿರ ದಾಟಿ ಏರಿತೆಂಬುದು ನಿಜ. ಆದರೆ ಸಾಲ ತೀರಿಸಲು ಅಗ್ಗಕ್ಕೆ ಮಾರಿದ ಕೊಬ್ಬರಿ ಮತ್ತೆ ಅಟ್ಟಕ್ಕೆ ಬಂದೀತೆ? ಆ ಕಷ್ಟಕಾಲದಲ್ಲಿ ಹುಡುಗ ಪಡಸಾಲೆಯ ಪಕ್ಕದ ಎರಡು ಕೋಣೆಗಳಿಗೆ ಸುಣ್ಣ ಬಳಿಸಿ, ಸ್ನಾನದ ಮನೆ ಕಟ್ಟಿಸಿ, ಪ್ರವಾಸಿಗಳಿಗೆ ಬಾಡಿಗೆಗೆ ಕೊಡಲಾರಂಭಿಸಿದ. ಶ್ರವಣಬೆಳಗೊಳಕ್ಕೆ, ಎಡೆಯೂರಿಗೆ, ಅರಳಗುಪ್ಪೆಯ ಕಲ್ಲೇಶ್ವರನನ್ನು ನೋಡಲು ಹೋಗುವವರು ಒಂದೆರಡು ರಾತ್ರಿ ತಂಗುತ್ತಾರೆ. ಕೊಡಗಿನವರೂ ಚಿಕ್ಕಮಗಳೂರಿನವರೂ ಇದನ್ನು ನಮಗಿಂತ ಬಹಳ ಮೊದಲೇ ಕಂಡುಕೊಂಡರು. 2000ದ ಆಸುಪಾಸಿನಲ್ಲಿ ಕಾಫಿ ಬೆಲೆ ನೆಲಕಚ್ಚಿದಾಗ ಅನೇಕ ಬೆಳೆಗಾರರು ಮನೆಯ ಬಾಗಿಲನ್ನು ಹೀಗೆಯೇ ತೆರೆದರು. ಬೆಳೆ ಕೈಕೊಟ್ಟಾಗ ಗೋಡೆ ಕೈಹಿಡಿಯಲಿ ಎಂಬ ಲೆಕ್ಕ.

ಇನ್ನು ನಡೆದದ್ದು. ಬೆಂಗಳೂರಿನಿಂದ ಆರು ಜನ ಬಂದರು. ಅವರಲ್ಲಿ ನನ್ನ ಶಿಷ್ಯನೂ ಒಬ್ಬ. 2004ರ ಎಸ್.ಎಸ್.ಎಲ್.ಸಿ. ತಂಡದವನು, ಜಾಣ, ಈಗ ದೊಡ್ಡ ಸಂಬಳದವನು. ಹೆಸರು ಬರೆಯುವುದಿಲ್ಲ. ಅಪ್ಪಾ, ನೀನು ಇದನ್ನು ಓದುತ್ತಿರುವೆಯೆಂದು ಬಲ್ಲೆ; ಓದು. ಅದು ನನ್ನ ತಂದೆಯ ಮನೆಯೆಂದು ನಿನಗೆ ಗೊತ್ತಿರಲಿಲ್ಲವೆಂದು ಆಮೇಲೆ ಫೋನಿನಲ್ಲಿ ಹೇಳಿದೆ. ಗೊತ್ತಿದ್ದರೆ ಹಾಗೆ ನಡೆದುಕೊಳ್ಳುತ್ತಿರಲಿಲ್ಲವೆಂದೂ ಹೇಳಿದೆ. ನನಗೆ ಹೆಚ್ಚು ನೋವಾದದ್ದು ಆ ಎರಡನೆಯ ಮಾತಿನಿಂದ.

ಬೆಳಗ್ಗೆ ಎದ್ದವರು ಬಾವಿಯ ಪಕ್ಕದ ಎಳೆಯ ಮರದಿಂದ ಹನ್ನೊಂದು ಎಳನೀರು ಕಿತ್ತು ಕುಡಿದರು. ಕೈಗೆಟುಕುವ ಎತ್ತರದ ಮರ, ಆ ವರ್ಷವೇ ಮೊದಲ ಗೊನೆ ಹಿಡಿದಿತ್ತು. ಮಧ್ಯಾಹ್ನ ಇಬ್ಬರು ಏಣಿ ಹತ್ತಿ ಕೊಬ್ಬರಿ ಅಟ್ಟಕ್ಕೆ ಹೋಗಿ ಫೋಟೋ ತೆಗೆಸಿಕೊಂಡರು. ಒಬ್ಬನ ಕೈಯಲ್ಲಿ ಸಿಗರೇಟು ಉರಿಯುತ್ತಿತ್ತು. ರಾತ್ರಿ ಹತ್ತೂವರೆಗೆ ಬಿಸಿ ಮುದ್ದೆ ಬೇಕೆಂದರು. ಎಳನೀರಿನ ಬಗ್ಗೆ ತಮ್ಮನ ಮಗ ಮುಖ ಗಂಟಿಕ್ಕಿದ್ದಕ್ಕೆ, “ಎಷ್ಟಾಗುತ್ತೆ ಹೇಳಿ, ಕೊಡ್ತೀವಿ” ಎಂದು ಪರ್ಸು ತೆಗೆದರಂತೆ.

ಎಷ್ಟಾಗುತ್ತದೆ? ಲೆಕ್ಕ ಹೇಳುತ್ತೇನೆ, ಕೇಳು. ಮಂಡ್ಯ, ಮದ್ದೂರಿನ ಕಡೆ ಎಳನೀರಿಗೆಂದೇ ತೋಟ ಮಾಡುತ್ತಾರೆ. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಸೀಮೆಯ ಮರ ಕೊಬ್ಬರಿಯ ಮರ. ಹೊಂಬಾಳೆ ಒಡೆದು ಕಾಯಿ ಬಲಿಯಲು ಹನ್ನೊಂದು ಹನ್ನೆರಡು ತಿಂಗಳು. ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೇರಿಸಿದರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದಾಗ ಗಡಗಡ ಸದ್ದು ಮಾಡಲು ಇನ್ನೂ ಎಂಟರಿಂದ ಹನ್ನೆರಡು ತಿಂಗಳು. ಹೆಚ್ಚುಕಡಿಮೆ ಎರಡು ವರ್ಷದ ಕಾಯುವಿಕೆಯ ನಡುವೆ ನಿನ್ನ ಮಚ್ಚು ಬಿತ್ತು. ಅದಿರಲಿ, ಹನ್ನೊಂದು ಕಾಯಿ ಹೋದರೆ ತೋಟವೇನೂ ಮುಳುಗುವುದಿಲ್ಲ. ಆ ಮರದ ಮೊದಲ ಗೊನೆಯನ್ನು ನನ್ನ ಸೊಸೆ, ಅಂದರೆ ತಮ್ಮನ ಮಗನ ಹೆಂಡತಿ, ಮನೆದೇವರಿಗೆಂದು ಹರಕೆ ಹೊತ್ತಿದ್ದಳು. ಅದಕ್ಕೆ ಪರ್ಸಿನಲ್ಲಿ ಯಾವ ನೋಟು ಹುಡುಕುತ್ತೀಯ? ಇನ್ನು ಅಟ್ಟ. ವರ್ಷದ ದುಡಿಮೆಯೆಲ್ಲ ಒಣಮಟ್ಟೆಯ ರೂಪದಲ್ಲಿ ರಾಶಿ ಬಿದ್ದಿರುವ ಜಾಗವದು. ಅಲ್ಲಿ ಒಂದು ಕಿಡಿ ಬಿದ್ದಿದ್ದರೆ ಮನೆ, ಬೆಳೆ, ನಿಮ್ಮ ಕಾರು, ನೀವು, ಒಂದೂ ಉಳಿಯುತ್ತಿರಲಿಲ್ಲ.

ಇಷ್ಟು ಕೇಳಿ ನಮ್ಮ ಬಂಧುಗಳು ಸಂತೋಷಪಡುವುದು ಬೇಡ. ತಮ್ಮನ ಮಗನನ್ನು ನಾನು ಮೊದಲು ಕೇಳಿದ ಪ್ರಶ್ನೆಯೇ, “ಅವರಿಗೆ ಹೇಳಿದ್ದೆಯೇನೋ?” ಎಂಬುದು.

“ಅದನ್ನೂ ಹೇಳ್ಬೇಕಾ ದೊಡ್ಡಪ್ಪ? ಬೇರೆಯವರ ಮರಕ್ಕೆ ಕೈ ಹಾಕ್ಬಾರ್ದು ಅಂತ ಗೊತ್ತಾಗಲ್ವಾ?”

ಗೊತ್ತಾಗುವುದಿಲ್ಲ. ಈತ ತನ್ನ ಜಾಹೀರಾತಿನಲ್ಲಿ ಹಾಕಿದ್ದ ಚಿತ್ರವನ್ನು ನಾನು ಆಮೇಲೆ ನೋಡಿದೆ. ಎಳನೀರು ಹಿಡಿದು ನಗುತ್ತಿರುವ ಮಗು. ಕೆಳಗೆ ‘ನಿಮ್ಮದೇ ಮನೆಯೆಂದು ಭಾವಿಸಿ’ ಎಂಬ ಒಕ್ಕಣೆ. ಭಾವಿಸಿದರು! ತಮ್ಮದೇ ಮನೆಯಾಗಿದ್ದರೆ ಅಟ್ಟ ಹತ್ತುತ್ತಿದ್ದರು, ಮರದ ಕಾಯಿ ಕೀಳುತ್ತಿದ್ದರು, ಅಮ್ಮನನ್ನು ರಾತ್ರಿ ಹತ್ತೂವರೆಗೆ ಎಬ್ಬಿಸಿ ಮುದ್ದೆ ಕೇಳುತ್ತಿದ್ದರು. ಅದನ್ನೇ ಮಾಡಿದರು. ಸುಳ್ಳು ಬರೆದವನು ಇವನು, ಅದನ್ನು ನಂಬಿದವರು ಅವರು. ತುಂಬಿ ತುಳುಕುವ ಕೆರೆಯ ಚಿತ್ರವೊಂದೂ ಅಲ್ಲಿತ್ತು. ಒಳ್ಳೆಯ ಮಳೆಯಾದ ಯಾವುದೋ ವರ್ಷದ್ದು. ಬೇಸಗೆಯಲ್ಲಿ ಬಂದವರಿಗೆ ಕಾಣುವುದು ಬಿರಿದ ಅಂಗಳ ಮತ್ತು ಜಾಲಿ.

ಇಲ್ಲಿಗೆ ನನ್ನ ತಕರಾರಿನ ಮೂಲಕ್ಕೆ ಬಂದೆ. ಅತಿಥಿಯನ್ನು ದೇವರೆಂದು ಕಾಣಬೇಕೆಂಬ ತೈತ್ತಿರೀಯ ಉಪನಿಷತ್ತಿನ ಮಾತನ್ನು ನಾವು ಎಲ್ಲೆಂದರಲ್ಲಿ ತೂಗುಹಾಕಿದ್ದೇವೆ. 2005ರಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಅದನ್ನೇ ಹೆಸರಾಗಿಟ್ಟು ದೊಡ್ಡ ಆಂದೋಲನ ನಡೆಸಿತು. ಆ ಮಾತು ಉಪನಿಷತ್ತಿನಲ್ಲಿ ಬರುವ ಸಂದರ್ಭವನ್ನು ಯಾರೂ ನೆನೆಯುವುದಿಲ್ಲ. ಅದು ವಿದ್ಯೆ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಗುರು ಹೇಳುವ ಮಾತು. ಗೃಹಸ್ಥನಾಗಲಿರುವವನಿಗೆ, ಅಂದರೆ ಬಾಗಿಲು ತೆರೆಯುವವನಿಗೆ, ಹೇಳಿದ್ದು. ಬಾಗಿಲು ತಟ್ಟುವವನಿಗೆ ಹೇಳಿದ್ದಲ್ಲ. ಸಚಿವಾಲಯದ ಆಂದೋಲನವೂ ಟ್ಯಾಕ್ಸಿ ಚಾಲಕರು, ಮಾರ್ಗದರ್ಶಿಗಳು ಮೊದಲಾದವರನ್ನು ಉದ್ದೇಶಿಸಿತ್ತು. ಆದರೆ ಫಲಕ ರಸ್ತೆಯಲ್ಲಿ ನಿಂತಾಗ ಎಲ್ಲರೂ ಓದುತ್ತಾರಲ್ಲ! ಓದಿದ ಪ್ರವಾಸಿ ತಾನು ದೇವರೆಂದು ನಂಬಿ ಬಂದ. ಕರ್ತವ್ಯವಾಗಿ ಹೇಳಿದ್ದು ಹಕ್ಕಾಗಿ ಕೇಳಿಸಿಕೊಂಡಿತು.

ಇಷ್ಟಕ್ಕೂ ಅವನು ಅತಿಥಿಯೇ? ತಿಥಿಯಿಲ್ಲದೆ ಬರುವವನು ಅತಿಥಿಯೆಂದು ಪದದ ಅರ್ಥ ಹೇಳಿಕೊಟ್ಟಿದ್ದೇನೆ, ನೆನಪಿರಬೇಕು. ಇವನಾದರೋ ತಿಥಿ, ವಾರ, ಬರುವ ಗಂಟೆ, ಹೊರಡುವ ಗಂಟೆ ಎಲ್ಲ ಗೊತ್ತುಮಾಡಿಕೊಂಡು, ಮುಂಗಡ ಕಟ್ಟಿ, ರಸೀದಿ ಪಡೆದು ಬರುವವನು. ನಮ್ಮ ಗುಬ್ಬಿಯ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಕಟ್ಟಿಸಿ 1903ರಲ್ಲಿ ತೆರೆದ ಛತ್ರದಲ್ಲಿ ಇಳಿದುಕೊಳ್ಳುತ್ತಿದ್ದ ಯಾತ್ರಿಕನ ಬಗೆಯೇ ಬೇರೆ. ಅದು ದಾನ. ಹಬ್ಬಕ್ಕೆ ಬರುವ ನೆಂಟನ ಬಗೆ ಇನ್ನೂ ಬೇರೆ. ಅದು ಸಾಲ, ಮುಂದಿನ ಹಬ್ಬಕ್ಕೆ ನಾವು ಹೋಗಿ ವಸೂಲು ಮಾಡುತ್ತೇವೆ. ಈತ ಬಾಡಿಗೆದಾರ. ಬಾಡಿಗೆದಾರನೆಂದರೆ ಅವಮಾನವೇನಿದೆ? ಕೊಟ್ಟ ಹಣಕ್ಕೆ ಶುಭ್ರವಾದ ಹಾಸಿಗೆ, ಹೇಳಿದ ಊಟ, ಬೀಗವಿರುವ ಬಾಗಿಲು, ಬಿಸಿನೀರು, ತನ್ನ ಪಾಡಿಗೆ ತಾನಿರುವ ಸ್ವಾತಂತ್ರ್ಯ ಇಷ್ಟನ್ನೂ ಕೇಳಿ ಪಡೆಯುವ ಅಧಿಕಾರ ಅವನಿಗಿದೆ. ದೇವರಿಗಾದರೂ ಇಂತಹ ಅಧಿಕಾರವಿಲ್ಲ; ಪೂಜಾರಿ ಕೊಟ್ಟದ್ದನ್ನು ಸ್ವೀಕರಿಸಬೇಕು.

ಸೊಸೆಯ ಮಾತು ಇಲ್ಲಿ ನೆನಪಾಗುತ್ತದೆ. ಅವಳು ಬೆಳಗಿನ ನಾಲ್ಕೂವರೆಗೆ ಎದ್ದು ಕೊಟ್ಟಿಗೆ ಮುಗಿಸಿ, ಮಕ್ಕಳನ್ನು ಶಾಲೆಯ ವ್ಯಾನಿಗೆ ಹತ್ತಿಸಿ, ಆರು ಜನರ ತಿಂಡಿಗೆ ಕೂರುವವಳು. “ಮಾವ, ದೇವ್ರು ಅಂದ್ರೆ ನೈವೇದ್ಯದ ಹೊತ್ತಿಗೆ ಸರಿಯಾಗಿ ಉಣ್ತಾನೆ. ಹತ್ತೂವರೆಗೆ ಮುದ್ದೆ ಕೇಳಲ್ಲ, ಮುದ್ದೆ ಬಂದ್ಮೇಲೆ ಅನ್ನ ಇದೆಯಾ ಅನ್ನಲ್ಲ” ಎಂದಳು. ಜಾಹೀರಾತಿನಲ್ಲಿ ಮಾಲೀಕನೆಂದು ಫೋಟೋ ಇರುವುದು ಗಂಡನದು. ಮನೆಯೂಟದ ರುಚಿಯೆಂದು ಹೊಗಳಿಸಿಕೊಳ್ಳುವುದೂ ಅವನೇ. ಹಣ ಸೇರುವುದು ಅವನ ಖಾತೆಗೆ. ಈ ಉದ್ಯಮದ ನಿಜವಾದ ಆತಿಥೇಯಳು ಅಡಿಗೆಮನೆಯಲ್ಲಿದ್ದಾಳೆ. ಅವಳನ್ನು ಕೇಳದೆ ಕೋಣೆ ಕಾದಿರಿಸುವ ಗಂಡಸರ ಬಗ್ಗೆಯೂ ಒಂದು ನಕ್ಷತ್ರದ ಪದ್ಧತಿ ಇದ್ದಿದ್ದರೆ ನಾನೇ ಬರೆಯುತ್ತಿದ್ದೆ.

ಈಗ ಪಂಕ್ತಿಯ ಹಿರಿಯರಿಗೆ. ಅನ್ನ ಮಾರುವುದು ಕುಲಕ್ಕೆ ಕಳಂಕ, ನಿಮ್ಮ ತಂದೆಯ ಕಾಲದಲ್ಲಿ ಬಂದವರಿಗೆಲ್ಲ ಉಚಿತವಾಗಿ ಊಟ ಹಾಕುತ್ತಿದ್ದರು ಎಂದಿರಿ. ಹಾಕುತ್ತಿದ್ದರು. ಎಲ್ಲಿ ಹಾಕುತ್ತಿದ್ದರೆಂಬುದನ್ನೂ ಹೇಳಿಬಿಡೋಣ. ನಮ್ಮವರಿಗೆ ಪಡಸಾಲೆಯಲ್ಲಿ ಮಣೆ. ಇನ್ನು ಕೆಲವರಿಗೆ ಜಗಲಿಯಲ್ಲಿ ಎಲೆ. ಉಂಡ ಎಲೆಯನ್ನು ಅವರೇ ಎತ್ತಬೇಕು. ಕೇರಿಯಿಂದ ಕಾಯಿ ಸುಲಿಯಲು ಬರುತ್ತಿದ್ದವರಿಗೆ ಜಗಲಿಯ ಕೆಳಗಿನ ಅಂಗಳದಲ್ಲಿ. ನೀರನ್ನು ಮೇಲಿನಿಂದ ಬೊಗಸೆಗೆ ಹುಯ್ಯುತ್ತಿದ್ದರು. ಹಾಗೆ ಹುಯ್ಯುತ್ತಿದ್ದವರಲ್ಲಿ ಹತ್ತು ವರ್ಷದ ನಾನೂ ಇದ್ದೆ. ಚೊಂಬು ತಾಗದಂತೆ ಎಷ್ಟು ಎತ್ತರ ಹಿಡಿಯಬೇಕೆಂದು ನನಗೆ ಕಲಿಸಿಕೊಟ್ಟಿದ್ದರು. ನಮ್ಮ ಘನವಾದ ಉಚಿತ ಆತಿಥ್ಯಕ್ಕೆ ಇಷ್ಟು ಮೆಟ್ಟಿಲುಗಳಿದ್ದವು. ತಂದೆಯ ಮೇಲೆ ನನಗೆ ಗೌರವವಿದೆ. ಅವರ ಔದಾರ್ಯ ಸುಳ್ಳಲ್ಲ. ಅಂಗಳವೂ ಸುಳ್ಳಲ್ಲ.

ಕಳೆದ ವರ್ಷ ನವರಾತ್ರಿಯ ರಜೆಯಲ್ಲಿ ಒಂದು ಕುಟುಂಬ ನಮ್ಮಲ್ಲಿ ಎರಡು ರಾತ್ರಿ ತಂಗಿತ್ತು. ನಾನು ಆಗ ಊರಿನಲ್ಲಿದ್ದೆ. ಕಾರಿನಿಂದ ಇಳಿದವನನ್ನು ಕಂಡು ಗುರುತು ಹಿಡಿದೆ. ನನ್ನ ಶಿಷ್ಯ, ಈಗ ಬ್ಯಾಂಕಿನ ಅಧಿಕಾರಿ, ಜೊತೆಯಲ್ಲಿ ಹೆಂಡತಿ ಮತ್ತು ಕಾಲೇಜು ಓದುವ ಮಗಳು. ಆತನ ತಂದೆ ನಮ್ಮ ಅಂಗಳದಲ್ಲಿ ಕಾಯಿ ಸುಲಿದವರು. ನಾನು ನೀರು ಹುಯ್ದದ್ದು ಅವರ ಬೊಗಸೆಗೂ. ಹೊರಡುವ ದಿನ ಬಾಡಿಗೆ ಬೇಡವೆನ್ನುವಂತೆ ತಮ್ಮನ ಮಗನಿಗೆ ನಾನು ಸನ್ನೆ ಮಾಡಿದೆ. ದೊಡ್ಡತನ ತೋರುವ ಚಪಲ ಮೇಷ್ಟ್ರಾದವನನ್ನು ಬಿಟ್ಟೀತೆ? ಆತ ಅದನ್ನು ಗಮನಿಸಿ ನನ್ನನ್ನು ಪಕ್ಕಕ್ಕೆ ಕರೆದು, “ಬೇಡಿ ಮೇಷ್ಟ್ರೇ, ದುಡ್ಡು ತಗೊಳ್ಳೋಕೆ ಹೇಳಿ. ನೀವು ಮನೆಗೆ ಬಾ ಅಂತ ಕರೆದಿದ್ರೆ ನಾನು ಬರ್ತಿರ್ಲಿಲ್ಲ. ಕರೆದ್ರೆ, ಕೂರ್ಸಿದ ಕಡೆ ಕೂರ್ಬೇಕು. ಇದು ನಾನು ದುಡ್ಡು ಕಟ್ಟಿದ ರೂಮು, ನನ್ನ ರೂಮಿಗೆ ನಾನು ಬಂದೆ. ನನ್ನ ಮಗಳಿಗೆ ಅಂಗಳದ ಕತೆ ನಾನಿನ್ನೂ ಹೇಳಿಲ್ಲ” ಎಂದ.

ಆ ಹಣವನ್ನು ತೆಗೆದುಕೊಂಡೆವು. ಪೂರ್ತಿಯಾಗಿ.

ಆದುದರಿಂದ, ಹಿರಿಯರೇ, ಅನ್ನ ಮಾರುವುದರ ಬಗ್ಗೆ ನನಗೆ ಉಪದೇಶ ಮಾಡಬೇಡಿ. ನನ್ನ ತಂದೆಯ ಧರ್ಮ ದಾಟಿಸಲಾರದಿದ್ದ ಹೊಸ್ತಿಲನ್ನು ಒಂದು ರಸೀದಿ ದಾಟಿಸಿತು. ರಸೀದಿಯಿಂದಲೇ ಎಲ್ಲ ಸರಿಹೋಯಿತೆಂದು ಹೇಳುವಷ್ಟು ಮುಗ್ಧನೂ ನಾನಲ್ಲ. ಕೋಣೆ ಕೇಳಿ ಫೋನು ಮಾಡಿದವರನ್ನು “ನಿಮ್ಮ ಕಡೆಯವರು ಯಾರು, ಯಾವ ಊರಿನ ಪೈಕಿ?” ಎಂದು ಬಳಸಿ ಬಳಸಿ ವಿಚಾರಿಸಿ, ಉತ್ತರ ರುಚಿಸದಿದ್ದರೆ ಕೋಣೆ ಖಾಲಿಯಿಲ್ಲವೆನ್ನುವ ಮನೆಯವರು ನಮ್ಮ ಸೀಮೆಯಲ್ಲಿಯೂ ಇದ್ದಾರೆ. ಬಾಗಿಲಿಗೆ ಬೆಲೆ ಬರೆದು ತೂಗುಹಾಕಿದವನು ಜಾತಿ ಕೇಳುವ ಅಧಿಕಾರವನ್ನು ಆ ಕ್ಷಣವೇ ಕಳೆದುಕೊಂಡನೆಂಬುದು ನನ್ನ ಖಚಿತ ಅಭಿಮತ. ಬಂದವರು ಗಂಡಹೆಂಡಿರೋ ಸ್ನೇಹಿತರೋ ಎಂಬ ತನಿಖೆಯೂ ಅವನದಲ್ಲ. ಗುರುತಿನ ಚೀಟಿ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳಲಿ, ಅದು ಕಾನೂನು. 2012ರ ಜುಲೈ 28ರಂದು ಮಂಗಳೂರಿನ ಪಡೀಲಿನ ಹೋಂಸ್ಟೇಯೊಂದರಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಯುವಕ ಯುವತಿಯರ ಮೇಲೆ ಗುಂಪೊಂದು ನುಗ್ಗಿ ಹಲ್ಲೆ ನಡೆಸಿದ್ದನ್ನು ದೇಶವೆಲ್ಲ ಟಿ.ವಿ.ಯಲ್ಲಿ ಕಂಡಿತು. ಅಂದಿನಿಂದ ನನಗೆ ಅನಿಸಿದೆ, ಬಾಡಿಗೆಯ ಹಣದಲ್ಲಿ ದೊಡ್ಡ ಪಾಲು ಬಾಗಿಲಿನ ಚಿಲಕಕ್ಕೆ ಸಲ್ಲುವಂಥದ್ದು.

ಇನ್ನೊಂದು ಬಗೆಯ ಮೋಸವಿದೆ. ಹೋಂಸ್ಟೇ ಎಂದರೆ ಮನೆಯವರು ವಾಸವಿರುವ ಮನೆ. ಕೇಂದ್ರ ಸರ್ಕಾರದ ಯೋಜನೆಯಲ್ಲಿ ಮಾಲೀಕನ ಕುಟುಂಬ ಅಲ್ಲಿಯೇ ಇರಬೇಕೆಂದೂ ಬಾಡಿಗೆಗೆ ಕೊಡುವ ಕೋಣೆಗಳು ಆರು, ಹಾಸಿಗೆಗಳು ಹನ್ನೆರಡು ಮೀರಬಾರದೆಂದೂ ಇದೆ. ಘಟ್ಟದ ಕಡೆ ಹೋಗಿ ನೋಡಿ. ಮಾಲೀಕ ಬೆಂಗಳೂರಿನಲ್ಲಿರುತ್ತಾನೆ, ಇಲ್ಲಿ ಒಬ್ಬ ಮೇಲ್ವಿಚಾರಕ, ಒಂದು ಧ್ವನಿವರ್ಧಕ, ನಡುರಾತ್ರಿಯವರೆಗೆ ಕುಣಿತ. ಪಕ್ಕದ ತೋಟದವರ ನಿದ್ದೆಗೆ ಬಾಡಿಗೆ ಕೊಡುವವರಿಲ್ಲ. ಅದನ್ನು ಮನೆಯೆಂದು ಕರೆಯುವುದು ಮನೆಗೂ ಮಾಡುವ ಅವಮಾನ, ಲಾಡ್ಜಿಗೂ ಮಾಡುವ ಅವಮಾನ.

ಮತ್ತೆ ನಕ್ಷತ್ರಕ್ಕೆ ಬರುತ್ತೇನೆ. ಮೂವತ್ತಕ್ಕೂ ಹೆಚ್ಚು ವರ್ಷ ಉತ್ತರಪತ್ರಿಕೆ ತಿದ್ದಿದವನು ನಾನು. ಅಂಕ ಕಳೆದ ಕಡೆಯಲ್ಲೆಲ್ಲ ಅಂಚಿನಲ್ಲಿ ಕಾರಣ ಬರೆಯುತ್ತಿದ್ದೆ; ನಿನ್ನ ಸಮಾಜಶಾಸ್ತ್ರದ ಪತ್ರಿಕೆಯಲ್ಲಿಯೂ ಬರೆದಿದ್ದೇನೆ. ಪಬ್ಲಿಕ್ ಪರೀಕ್ಷೆಯಲ್ಲಾದರೆ ಮರುಮೌಲ್ಯಮಾಪನಕ್ಕೆ ಅವಕಾಶವುಂಟು. ನೀನು ಕೊಟ್ಟ ಒಂದು ನಕ್ಷತ್ರಕ್ಕೆ ಅಂಚಿನಲ್ಲಿ ಕಾರಣವಿಲ್ಲ. ಕೆರೆಯ ಚಿತ್ರ ಸುಳ್ಳೆಂದು ಬರೆದಿದ್ದರೆ, ಬಿಸಿನೀರು ಬರಲು ಮುಕ್ಕಾಲು ಗಂಟೆಯಾಯಿತೆಂದು ಬರೆದಿದ್ದರೆ, ನಾನು ನಿನ್ನ ಪಕ್ಷ ವಹಿಸುತ್ತಿದ್ದೆ. ಅವೆರಡೂ ನಿಜವಾದ ದೋಷಗಳು. ಆದರೆ ನೀನು ಕೋಪಗೊಂಡದ್ದು ಹರಕೆಯ ಗೊನೆಗೆ ಮನೆಯವರು ಮುಖ ಗಂಟಿಕ್ಕಿದ್ದಕ್ಕೆ. ಮೇಷ್ಟ್ರ ಮನೆಯೆಂದು ತಿಳಿದಿದ್ದರೆ ಹಾಗೆ ಮಾಡುತ್ತಿರಲಿಲ್ಲವೆಂದೆಯಲ್ಲ, ಪರಿಚಯವಿದ್ದವರ ಮನೆಯಲ್ಲಿ ಮಾತ್ರ ಅನುಸರಿಸುವ ಸಭ್ಯತೆಯನ್ನು ನಾನು ಯಾವ ತರಗತಿಯಲ್ಲಿ ಕಲಿಸಿದೆ?

ನಾನು ಹುಡುಗನಾಗಿದ್ದಾಗ ಪ್ರವಾಸಿ ಬಂಗಲೆಯ ಗೋಡೆಯಲ್ಲಿ ಬಾಡಿಗೆಯ ದರವನ್ನೂ ನಿಯಮಗಳನ್ನೂ ಬರೆದ ಹಾಳೆಯೊಂದು ಚೌಕಟ್ಟಿನಲ್ಲಿ ತೂಗುತ್ತಿದ್ದುದನ್ನು ಕಂಡಿದ್ದೆ. ನಮ್ಮ ಟಿ.ಬಿ. ಕ್ರಾಸಿನ ಹೆಸರಿನಲ್ಲಿ ಆ ಕಾಲದ ಬಂಗಲೆಗಳ ನೆನಪು ಈಗಲೂ ಉಳಿದಿದೆ. ಅಮಲ್ದಾರರೂ ಅದನ್ನು ಓದಿ, ಅದರಂತೆ ಹಣ ಕೊಟ್ಟು ಹೋಗುತ್ತಿದ್ದರು. ಯಾರಿಗೂ ಅವಮಾನವಾದಂತೆ ಕಾಣಲಿಲ್ಲ. ಈಗ ನಮ್ಮ ಪಡಸಾಲೆಯಲ್ಲಿಯೂ ಅಂತಹ ಹಾಳೆಯೊಂದು ತೂಗುತ್ತಿದೆ; ಕೈಬರಹ ನನ್ನದೇ. ಮೇಲರ್ಧದಲ್ಲಿ ಮನೆಯವರು ಏನು ಕೊಡಬೇಕೆಂಬುದು, ಬಿಸಿನೀರಿನ ಗಂಟೆ ಸಹಿತವಾಗಿ. ಕೊಡದಿದ್ದರೆ ಬಾಡಿಗೆಯಲ್ಲಿ ಎಷ್ಟು ಕಳೆಯಬೇಕೆಂಬುದೂ ಉಂಟು. ತಮ್ಮನ ಮಗ ಅದಕ್ಕೆ ಬಹಳ ಕೊಸರಾಡಿದ. ಕೆಳಗಿನ ಅರ್ಧದಲ್ಲಿ ಅಟ್ಟ, ದೇವರಮನೆ ಮತ್ತು ಅಡಿಗೆಮನೆ ಬಾಡಿಗೆಗೆ ಸೇರಿಲ್ಲವೆಂಬುದು, ಎಳನೀರು ಬೇಕಾದರೆ ಕೇಳಬೇಕೆಂಬುದು, ಕೇಳಿದರೆ ಇಂತಿಂಥ ಮರದಿಂದ ದಿನಕ್ಕೊಂದು ಉಚಿತವೆಂಬುದು. ಕೊನೆಯ ಸಾಲು ಸೊಸೆ ಹೇಳಿ ಬರೆಸಿದ್ದು: ರಾತ್ರಿ ಒಂಬತ್ತರ ಮೇಲೆ ಮುದ್ದೆ ಇಲ್ಲ, ಮಜ್ಜಿಗೆ ಅನ್ನ ಉಂಟು.

‘ನಿಮ್ಮದೇ ಮನೆಯೆಂದು ಭಾವಿಸಿ’ ಎಂಬುದನ್ನು ತೆಗೆಸಿದ್ದೇನೆ. ಕೆರೆಯ ಚಿತ್ರವೂ ಹೋಯಿತು.

ಬಾವಿಯ ಪಕ್ಕದ ಮರ ಮತ್ತೆ ಹೊಂಬಾಳೆ ಬಿಟ್ಟಿದೆ, ಶಿಷ್ಯೋತ್ತಮ. ಕಾಯಿ ಬಲಿತು ದೇವರಿಗೆ ಒಪ್ಪಿಸುವ ದಿನ ನಿನಗೆ ತಿಳಿಸುತ್ತೇನೆ. ನೆಂಟನಾಗಿ ಬರುವುದಾದರೆ ತಿಥಿ ಹೇಳದೆ ಬಾ, ಬಡಿಸಿದ್ದನ್ನು ಉಂಡು ಹೋಗು. ಕೋಣೆ ಬೇಕಾದರೆ ಮುಂಗಡ ಕಟ್ಟು. ದರ ಹಾಳೆಯಲ್ಲಿದೆ.